ಏಳು ಹೆಸರಿನ ದೊರೆಯೂ ನಮ್ಮ ಸೋದರಮಾವನೂ

ನಮ್ಮ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಎಂದು ಊರಿನಲ್ಲಿ ಬಾಯಿಬಿಟ್ಟು ಹೇಳುತ್ತಿದ್ದವರು ಮೂರೇ ಜನ. ಮಿಕ್ಕವರು, ಎಲ್ಲರಿಗೂ ಗೊತ್ತಿರುವುದನ್ನು ಮತ್ತೇನು ಹೇಳುವುದು ಎಂದು ಸುಮ್ಮನಿದ್ದರು! ಆ ಮೂವರಲ್ಲಿ ನಾನೂ ಒಬ್ಬಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಕೇಳುವ ಹಾಗಿಲ್ಲ.

ಮಾವ ಜಡಿಗೇನಹಳ್ಳಿ ಹೋಬಳಿಯ ನಮ್ಮ ಸಣ್ಣ ಊರಿಗೆ ಪೋಸ್ಟ್ ಮಾಸ್ತರರು. ಪೋಸ್ಟಾಫೀಸು ಎಂದರೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಮನೆಯ ಜಗುಲಿ, ಒಂದು ಮರದ ಪೆಟ್ಟಿಗೆ, ಒಂದು ಮೊಹರು, ಕಂಬಕ್ಕೆ ನೇತುಹಾಕಿದ ಕೆಂಪು ಡಬ್ಬ, ಇಷ್ಟೇ. ಬೆಳಿಗ್ಗೆ ಹತ್ತರವರೆಗೆ ಮಾವ ರಾಗಿ ಹೊಲದಲ್ಲಿ, ಹತ್ತರಿಂದ ಹನ್ನೆರಡರವರೆಗೆ ಭಾರತ ಸರ್ಕಾರದಲ್ಲಿ! ಅರವತ್ತರ ದಶಕದ ಮೊದಲಿಗೆ ನನಗೆ ಆ ಊರಿನ ಶಾಲೆಯಲ್ಲೇ ಟೀಚರ್ ಕೆಲಸ ಸಿಕ್ಕಿ, ಅವರ ಮನೆಗೇ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಮನೆಯಲ್ಲಿದ್ದವರು ಮಾವ, ಮಾವನ ಅಣ್ಣನ ಹೆಂಡತಿಯಾದ ನಮ್ಮ ದೊಡ್ಡತ್ತೆ, ನಾನು, ಮತ್ತು ಮಾವನ ಹೆಸರಿನ ಪುಸ್ತಕ.

ಆ ಪುಸ್ತಕವನ್ನು ಮನೆಮಂದಿಯ ಲೆಕ್ಕಕ್ಕೆ ಸೇರಿಸಿದ್ದು ಸುಮ್ಮನೆ ಅಲ್ಲ. ಮಳೆ ಬಂದರೆ ಮಾವ ಮೊದಲು ಅದನ್ನು ಒಳಗೆ ತರುತ್ತಿದ್ದರು, ಆಮೇಲೆ ಒಣಗಲು ಹಾಕಿದ ರಾಗಿಯನ್ನು. ಅದರಲ್ಲಿ ಊರಿನ ಒಬ್ಬೊಬ್ಬರಿಗೂ ಒಂದೊಂದು ಪುಟ. ಮನೆಯಲ್ಲಿ ಕೂಗುವ ಹೆಸರು, ಶಾಲೆಯಲ್ಲಿ ಬರೆಸಿದ್ದು, ಪಹಣಿಯಲ್ಲಿ ಶಾನುಭೋಗರು ಬರೆದದ್ದು, ಓಟರ್ ಲಿಸ್ಟಿನಲ್ಲಿ ಅಚ್ಚಾದದ್ದು, ಬೀಗರು ಕಾಗದದ ಮೇಲೆ ಗೀಚುವುದು, ಎಲ್ಲವೂ ಅಲ್ಲಿ. ನಮ್ಮ ತಾತನೊಬ್ಬನೇ ಪಹಣಿಯಲ್ಲಿ ಮುನಿಗ, ಓಟರ್ ಲಿಸ್ಟಿನಲ್ಲಿ ಮುನಿವೆಂಕಟಪ್ಪ, ಮಾಲೂರು ಬೀಗರ ಕಾಗದದಲ್ಲಿ ಮುನೆಪ್ಪ. ಪುಣ್ಯಾತ್ಮ ಸತ್ತ ಮೇಲೂ ಮೂರು ಜನವಾಗಿ ಓಡಾಡಿಕೊಂಡಿದ್ದ!

“ಇದೇನು ಮಾವ, ಒಬ್ಬ ಮನುಷ್ಯನಿಗೆ ಇಷ್ಟೊಂದು ಹೆಸರಾ?” ಎಂದರೆ ಮಾವ ಕನ್ನಡಕ ಮೇಲೇರಿಸುತ್ತಿದ್ದರು.

“ಹೆಸರು ನಮ್ದು ಕಣಮ್ಮಣ್ಣಿ, ಕಿವಿ ಬರೆಯೋನ್ದು. ಅವನ ಕಿವಿಗೆ ಎಷ್ಟು ಬಿತ್ತೋ ಅಷ್ಟೇ ನಾವು. ನಮಗೆ ಓದೋಕೆ ಬರಲ್ಲ, ಅವ್ನು ಬರ್ದಿದ್ದಕ್ಕೆ ಹೆಬ್ಬೆಟ್ಟು ಒತ್ತಿ ಬರ್ತೀವಿ. ಮುಗೀತಲ್ಲ!”

ಒಂದು ಸಲ ಒಂದು ಲಗ್ನಪತ್ರಿಕೆ ಬಂತು. ಮೇಲೆ ‘ಚಿನ್ನಪ್ಪನವರಿಗೆ’ ಎಂದಷ್ಟೇ ಇತ್ತು, ಊರಿನಲ್ಲಿ ಚಿನ್ನಪ್ಪಂದಿರು ನಾಲ್ಕು ಜನ. ಬೇರೆ ಯಾರೇ ಆಗಿದ್ದರೂ ಮೊದಲು ಸಿಕ್ಕ ಚಿನ್ನಪ್ಪನ ಕೈಗಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಮಾವ ನಾಲ್ವರನ್ನೂ ಜಗುಲಿ ಮೇಲೆ ಸಾಲಾಗಿ ಕೂರಿಸಿ, ಯಾರಿಗೆ ಎಲ್ಲೆಲ್ಲಿ ನೆಂಟರು ಎಂದು ಊಟದ ಹೊತ್ತಿನವರೆಗೂ ವಿಚಾರಣೆ ನಡೆಸಿದರು. ಬಗೆಹರಿಯಲಿಲ್ಲ. ಕೊನೆಗೆ ತೀರ್ಪು ಬಂತು.

“ನೋಡ್ರಪ್ಪಾ, ಒಬ್ಬನ ಬಿಟ್ಟು ಪಾಪ ಕಟ್ಕೊಳ್ಳೋದಕ್ಕಿಂತ ನಾಲ್ಕೂ ಜನ ಹೋಗಿ ಉಂಡ್ಕೊಂಡು ಬಂದ್ಬಿಡಿ!”

ಹೋದರು, ಉಂಡರು, ಬಂದರು. ಅಲ್ಲಿ ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಕಡೆಯವರು ಎಂದುಕೊಂಡರಂತೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಎಂದುಕೊಂಡರಂತೆ. ನಿಜವಾದ ಚಿನ್ನಪ್ಪ ಯಾರೆಂದು ಇವತ್ತಿಗೂ ಗೊತ್ತಿಲ್ಲ.

ನಗಬೇಡಿ. ಈ ಹುಚ್ಚಿಗೆ ಒಂದು ಕಾರಣವಿತ್ತು. ದೊಡ್ಡ ಯುದ್ಧದ ಕಾಲದಲ್ಲಿ ಮಾವನ ಅಣ್ಣ ಪಟಾಲಂ ಸೇರಿ ಬರ್ಮಾ ಕಡೆಗೆ ಹೋದವರು ತಿರುಗಿ ಬಂದಿರಲಿಲ್ಲ. ಸತ್ತರು ಎಂದು ತಂತಿಯೂ ಬರಲಿಲ್ಲ, ಬದುಕಿದ್ದೇನೆ ಎಂದು ಕಾಗದವೂ ಬರಲಿಲ್ಲ. ಮಾವ ಪಟಾಲಮ್ಮಿಗೆ ಬರೆದರೆ ‘ಆ ಹೆಸರಿನವರು ಯಾರೂ ನಮ್ಮ ಪಟ್ಟಿಯಲ್ಲಿಲ್ಲ’ ಎಂದು ಉತ್ತರ. ಮುನಿಶಾಮಪ್ಪ ಎಂದು ಬರೆದರು, ಇಲ್ಲ. ತಮಿಳು ಗುಮಾಸ್ತ ಬರೆದಿರಬಹುದು ಎಂದು ಮುನುಸಾಮಿ ಎಂದು ಬರೆದರು, ಇಲ್ಲ. ಮುನಿಸ್ವಾಮಿ ಎಂದರು, ಮುನ್ಶಾಮ್ ಎಂದೂ ಬರೆದು ನೋಡಿದರು. ಬಂದ ಉತ್ತರಗಳನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಕೂತಿದ್ದರು. ಅಣ್ಣ ಬರಲಿ, ಆಮೇಲೆ ನನ್ನ ಮದುವೆ ಎನ್ನುತ್ತಾ ಎನ್ನುತ್ತಾ ತಲೆ ನೆರೆದುಹೋಗಿತ್ತು.

ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುತ್ತೇವೆ. ತಾತನ ಎಲೆಗೆ ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ. ಆದರೆ ದೊಡ್ಡ ಮಾವನಿಗೆ ಎಲೆಯಿಲ್ಲ. ಅಜ್ಜಿ ಸಾಯುವಾಗ ಹೇಳಿಹೋಗಿದ್ದಳು: “ನನ್ ಮಗ ಬರ್ತಾನೆ. ಅವನಿಗೆ ಎಲೆ ಹಾಕಿದ್ರೆ ನಾನು ನನ್ನೆಲೆ ಮುಟ್ಟಲ್ಲ.” ಹೇಗೆ ಹಾಕುತ್ತಾರೆ ಹೇಳಿ! ಎಲೆ ಹಾಕಿದ ದಿನ ದೊಡ್ಡತ್ತೆಯ ಹಣೆಯ ಕುಂಕುಮ ಹೋಗಬೇಕು, ಕೈಯ ಬಳೆ ಹೋಗಬೇಕು. ಹೀಗಾಗಿ ನಮ್ಮ ಮನೆ ಒಂದು ಹೆಸರಿನ ಮೇಲೆ ನಿಂತುಬಿಟ್ಟಿತ್ತು. ಆ ಹೆಸರು ಎಲ್ಲಿದೆಯೋ, ಯಾವ ಕಿವಿಯವನು ಹೇಗೆ ಬರೆದಿಟ್ಟಿದ್ದಾನೋ ಗೊತ್ತಿರಲಿಲ್ಲ.

ಇಂಥ ಮನೆಗೆ ಒಂದು ದಿನ ಐರ್ಲೆಂಡಿನಿಂದ ಕಾಗದ ಬಂತು.

ಮೇಲೆ ವಿಳಾಸ ‘ಪೋಸ್ಟ್ ಮಾಸ್ಟರ್, ದೊಡ್ಡ ಕೆರೆಯ ಪಕ್ಕದ ಊರು, ಹೊಸಕೋಟೆ ಹತ್ತಿರ, ಮೈಸೂರು, ಇಂಡಿಯಾ’ ಎಂದಿತ್ತು. ಹೊಸಕೋಟೆ ಹತ್ತಿರ ಕೆರೆಯಿಲ್ಲದ ಊರು ಯಾವುದಿದೆ? ಅದು ನಾಲ್ಕಾರು ಊರು ಸುತ್ತಿ, ಮೈಮೇಲೆಲ್ಲ ಮೊಹರು ಹಾಕಿಸಿಕೊಂಡಿತ್ತು. ಕೊನೆಗೆ ‘ಇಂಥದ್ದಕ್ಕೆಲ್ಲ ಅವರೇ ಸರಿ’ ಎಂದು ಯಾರೋ ನಮ್ಮ ಮಾವನಿಗೆ ತಳ್ಳಿದ್ದರು. ನಾನು ಡಿಕ್ಷನರಿ ಇಟ್ಟುಕೊಂಡು ಎರಡು ಸಂಜೆ ಓದಿ ಅರ್ಥ ಹೇಳಿದೆ.

ಬರೆದಾಕೆ ರಿಟೈರಾದ ಟೀಚರಮ್ಮ. ಎಪ್ಪತ್ತು ದಾಟಿದೆ, ಮದುವೆಯಿಲ್ಲ, ಒಬ್ಬರೇ ಇದ್ದಾರೆ. ಅವರ ತಾಯಿಯ ತಂದೆ ನಮ್ಮ ಕಡೆ ಕೆರೆ ಏರಿ ಕಟ್ಟಿಸುವ ಓವರ್‌ಸಿಯರ್ ಆಗಿ ಬಂದು, ಜ್ವರದಲ್ಲಿ ತೀರಿಕೊಂಡು, ಇಲ್ಲೇ ಎಲ್ಲೋ ಮಣ್ಣಾದವರು. ಸಾಯುವ ಮೊದಲು ಅಜ್ಜನ ಸಮಾಧಿ ಎಲ್ಲಿದೆ ಎಂದು ತಿಳಿಯಬೇಕೆಂದು ಆಕೆಯ ಆಸೆ. ತೊಂದರೆ ಏನೆಂದರೆ, ಅಜ್ಜನ ಮನೆತನದ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಮೆಗ್ರಾತ್, ಮಗ್ರಾತ್, ಮಗ್ರಾ, ಮೆಕ್‌ಗ್ರಾ, ಮೆಕ್ರಾ, ಮಗ್ರೋ, ಮ್ಯಾಕ್‌ಗ್ರೇ! ‘ನಮ್ಮ ಹಿರಿಯರ ಭಾಷೆ ಬೇರೆ, ಬರೆಯುತ್ತಿದ್ದ ಗುಮಾಸ್ತರ ಭಾಷೆ ಬೇರೆ. ಅವರು ಕೇಳಿಸಿದ ಹಾಗೆ ಇಂಗ್ಲಿಷಿನಲ್ಲಿ ಬರೆದರು. ಹಿರಿಯರಿಗೆ ಓದು ಬರುತ್ತಿರಲಿಲ್ಲ, ಒಂದು ಗೀಟು ಹಾಕಿ ಬಂದರು. ಚರ್ಚಿನಲ್ಲಿ ಒಂದಾಯಿತು, ಕಂದಾಯದವರಲ್ಲಿ ಒಂದಾಯಿತು, ಹಡಗು ಹತ್ತಿದವರದು ಇನ್ನೊಂದಾಯಿತು’ ಎಂದು ಬರೆದಿದ್ದರು.

ಮಾವ ತೊಡೆ ತಟ್ಟಿಕೊಂಡು ಎದ್ದುನಿಂತರು.

“ಅತ್ಗೇ! ಇಲ್ ಬನ್ನಿ! ಬಿಳೀ ಜನದಾಗೂ ಹೆಬ್ಬೆಟ್ಟಿನೋರು ಅವ್ರಂತೆ! ಥೇಟ್ ನಮ್ಮನೆಯೇ ಕಣ್ರೀ!”

ದೊಡ್ಡತ್ತೆ ಒಲೆ ಮುಂದಿನಿಂದಲೇ ಕೇಳಿದಳು, “ಪಾಪ, ಅವ್ರ ಮನೇಲೂ ಯಾರೋ ಬಂದಿಲ್ವಾ?”

ನಾನು ಡಿಕ್ಷನರಿ ಮುಚ್ಚಿಟ್ಟೆ. ಎರಡು ಸಂಜೆ ಕೂತು ನಾನು ಬಿಡಿಸಿದ ಅರ್ಥವನ್ನು ದೊಡ್ಡತ್ತೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು.

ಮಾವನ ಲೆಕ್ಕ ಸೀದಾ. ಇಲ್ಲಿ ಕಳೆದುಹೋದ ಅವರ ಮನುಷ್ಯನನ್ನು ನಾವು ಹುಡುಕಿಕೊಟ್ಟರೆ, ಎಲ್ಲೋ ಕಳೆದುಹೋದ ನಮ್ಮ ಮನುಷ್ಯನನ್ನು ಯಾರೋ ಹುಡುಕಿಕೊಡುತ್ತಾರೆ. “ದೇವ್ರು ಮೋಸ ಮಾಡಲ್ಲಮ್ಮಣ್ಣಿ” ಎಂದು ಸೈಕಲ್ ಹತ್ತಿಯೇಬಿಟ್ಟರು.

ಆಮೇಲೆ ಶುರುವಾಯಿತು ನೋಡಿ! ಭಾನುವಾರ ಬಂದರೆ ಮಾವ ಮನೆಯಲ್ಲಿಲ್ಲ. ಅನುಗೊಂಡನಹಳ್ಳಿ ಕಡೆ ಒಂದು ವಾರ, ನಲ್ಲೂರಿನ ಹುಣಿಸೆ ತೋಪಿನಲ್ಲಿ ಹಳೆಯ ಕಲ್ಲುಗಳಿವೆ ಎಂದು ಯಾರೋ ಅಂದದ್ದಕ್ಕೆ ಅಲ್ಲಿಗೆ ಇನ್ನೊಂದು ವಾರ. ಎಲ್ಲಿ ಹೋದರೂ ಸಿಕ್ಕವರನ್ನು ನಿಲ್ಲಿಸಿ, “ಮೆಗ್ರಾತ್ ದೊರೆ ಗೊತ್ತಾ? ಮಗ್ರಾ? ಹೋಗ್ಲಿ ಮೆಕ್ರಾ?” ಎಂದು ಏಳೂ ಹೆಸರು ಒಪ್ಪಿಸುವರು. ಜನ ಇದು ಯಾವುದೋ ಹೊಸ ಗೊಬ್ಬರ ಇರಬೇಕೆಂದು, “ನಮಗೆ ಬೇಡ ಸ್ವಾಮಿ, ಹೋದ್ಸಾರಿ ಹಾಕಿದ್ದಕ್ಕೇ ರಾಗಿ ಸುಟ್ಟೋಯ್ತು” ಎಂದು ಕಳಿಸುವರು!

ವರ್ಷ ಕಳೆದ ಮೇಲೆ ಒಂದು ಸಂಜೆ ಮಾವ ಕುಣಿದುಕೊಂಡು ಬಂದರು. ಸಿಕ್ಕಿತು! ಎರಡು ಹರದಾರಿ ಆಚೆ, ಹೊಂಗೆ ಮರದ ಕೆಳಗೆ, ಗಾರೆ ಹಾಕಿದ ದೊರೆಗಳ ಕಾಲದ ಸಮಾಧಿ. ಮಾವ ಅದನ್ನು ತೊಳೆದರು, ಚೆಂಡುಹೂವಿನ ಹಾರ ಹಾಕಿದರು, ಹೊಸಕೋಟೆಯಿಂದ ಫೋಟೋದವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ಪಕ್ಕದಲ್ಲಿ ಕೈಮುಗಿದು ನಿಂತು ಫೋಟೋ ಹಿಡಿಸಿದರು. ಐರ್ಲೆಂಡಿಗೆ ಕಾಗದ ಹೋಯಿತು. ಹೋದ ಮರುವಾರ ಆ ಊರಿನ ಕುರಿ ಕಾಯುವ ಮುದುಕ ಸಿಕ್ಕಿ ಕೇಳಿದನಂತೆ.

“ಏನಪ್ಪಾ ಪೋಸ್ಟಪ್ಪ, ಕುದುರೆಗೆ ಯಾಕ್ ಹಾರ ಹಾಕಿದ್ದೆ?”

ಅದು ಯಾವನೋ ದೊರೆಯ ಕುದುರೆಯ ಸಮಾಧಿ! ಮಾವ ಮೂರು ದಿನ ಜಗುಲಿಗೆ ಬರಲಿಲ್ಲ. ಊರಿನವರೇ ಬಂದು ಅವರವರ ಕಾಗದ ಆರಿಸಿಕೊಂಡು ಹೋದರು, ನಾಲ್ಕೂ ಚಿನ್ನಪ್ಪಂದಿರೂ ಸೇರಿ. ನಾನು ನಾಚಿಕೆಯಿಂದ ಸಾಯುತ್ತಾ ಕ್ಷಮಾಪಣೆಯ ಕಾಗದ ಬರೆದೆ. ಎಪ್ಪತ್ತರ ಹೆಂಗಸಿಗೆ ಅವರ ಅಜ್ಜ ಎಂದು ಕುದುರೆಯ ಫೋಟೋ ಕಳಿಸಿದ್ದೀವಲ್ಲ, ಉತ್ತರ ಬರುತ್ತದೆಯೇ?

ಬಂತು. ‘ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಅಜ್ಜನಿಗೆ ಕುದುರೆಯೆಂದರೆ ಪ್ರಾಣ. ಹಾರ ಸರಿಯಾದ ಕಡೆಗೇ ಸೇರಿದೆ. ದೂರದಲ್ಲಿ ಕುದುರೆ ಕಂಡರೆ ಸಾಕು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯುತ್ತಿದ್ದರಂತೆ. ಮೂರು ಹೊಲ ದಾಟಿ ಕೇಳುತ್ತಿತ್ತಂತೆ. ಇಂಡಿಯಾಕ್ಕೆ ಹೊರಡುವ ಮೊದಲು ನನ್ನ ತಾಯಿಗೆ ಕಲಿಸಿದರು, ತಾಯಿ ನನಗೆ ಕಲಿಸಿದರು’ ಎಂದು ಬರೆದಿದ್ದರು. ಫೋಟೋವನ್ನು ಕಟ್ಟುಹಾಕಿಸಿ ಗೋಡೆಗೆ ತಗುಲಿಹಾಕಿದ್ದಾರಂತೆ! ಇಂಥ ಹೆಂಗಸಿಗೂ ನಮ್ಮ ಮಾವನಿಗೂ ಯಾವ ಜನ್ಮದ ನಂಟೋ ಎಂದು ನಾನು ಬಾಯಿ ಬಿಟ್ಟುಕೊಂಡು ಕೂತೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಬಹಳ ವರ್ಷದ ಮೇಲೆ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಏರಿ ಮೇಲೆ ಸೇರಿತು. ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಟ್ಟದ್ದಾಯಿತು. ಆಮೇಲೆ ಕೆರೆಯ ತೂಬು ಎತ್ತಿ ಹೊಲಗಳಿಗೆ ನೀರು ಬಿಡುವ ನೀರುಗಂಟಿ ತಾತ, ಎಂಬತ್ತು ದಾಟಿದವನು, ಕೋಡಿಯ ಪಕ್ಕದ ಹುಣಿಸೆ ಮರದ ಬುಡಕ್ಕೆ ಹೋದ. ಅಲ್ಲೊಂದು ಎಣ್ಣೆ ಅರಿಶಿನ ಮೆತ್ತಿದ ಕಲ್ಲು, ಊರಿನವರ ಬಾಯಲ್ಲಿ ಸಿಳ್ಳಪ್ಪ. ಯಾವುದೋ ಸಣ್ಣ ದೇವರು ಎಂದು ನಾವೆಲ್ಲ ದಾಟಿಹೋಗುವಾಗ ಕೈಮುಗಿಯುತ್ತಿದ್ದದ್ದೇ. ತಾತ ಕಲ್ಲಿನ ಮುಂದೆ ಎಲೆ ಹಾಸಿ ಒಂದು ಬೇಯಿಸಿದ ಮೊಟ್ಟೆ, ಒಂದು ಚುಟ್ಟಾ ಇಟ್ಟ. ಬೇರೆ ದಿನ ಮಕ್ಕಳು ಶಿಳ್ಳೆ ಹೊಡೆದರೆ ‘ದರಿದ್ರ’ ಎಂದು ಬೆನ್ನಿಗೆ ಗುದ್ದುವ ಅದೇ ತಾತ, ಕೆರೆಯ ಕಡೆ ತಿರುಗಿ ಎರಡು ಬೆರಳು ಬಾಯಿಗಿಟ್ಟು ಊದಿದ. ಬಾಯಲ್ಲಿ ಉಳಿದಿದ್ದದ್ದು ಎರಡೇ ಹಲ್ಲು. ಫುಸ್ಸ್ ಎಂದು ಗಾಳಿ ಬಂತು. ಜನ ನಗುತ್ತಾ ನಿಂತಿದ್ದರು. ತಾತ ಮೊಂಡು. ಮೂರನೆಯ ಸಲಕ್ಕೆ ಶಿಳ್ಳೆ ಎದ್ದಿತು ನೋಡಿ, ಕೋಡಿಯ ನೀರಿನ ಸದ್ದನ್ನೂ ಸೀಳಿಕೊಂಡು ಆಚೆ ದಡಕ್ಕೆ ಹೋಯಿತು!

ನನ್ನ ಪಕ್ಕದಲ್ಲಿ ಧಡ್ ಎಂದಿತು. ಮಾವನ ಕೈಯಲ್ಲಿದ್ದ ತೆಂಗಿನಕಾಯಿ ಬಿದ್ದುಹೋಗಿತ್ತು.

“ತಾತಾ! ಯಾರು ಈ ಸಿಳ್ಳಪ್ಪ?”

“ಯಾರು ಅಂದ್ರೆ? ಏರಿ ಕಟ್ಟಿಸ್ದ ಬಿಳೀ ದೊರೆ ಕಣಪ್ಪ. ನಮ್ ತಾತಂಗೆ ತೂಬು ಎತ್ತೋದ್ನ ಅವನೇ ಕಲಿಸಿದ್ನಂತೆ. ಕೋಡಿ ಬೀಳೋ ಹಂಗಾದ್ರೆ ಇಲ್ ನಿಂತು ಸಿಳ್ಳೆ ಹೊಡೀತಿದ್ನಂತೆ, ಕೆಳಗಲ ಹೊಲದೋರು ಎದ್ದು ಹೋಗ್ಲಿ ಅಂತ. ಜ್ವರ ಬಂದು ಸತ್ತ, ಇಲ್ಲೇ ಮಣ್ಣು ಮಾಡಿದ್ರು. ‘ಒಂದೊಂದು ಕೋಡಿಗೂ ಒಂದು ಸಿಳ್ಳೆ ಹಾಕ್ರೋ’ ಅಂತ ನಮ್ ತಾತ ಹೇಳವ್ನೆ, ಹಾಕ್ತೀವಿ.”

“ಎರಡು ವರ್ಷದಿಂದ ಊರೂರು ಸುತ್ತಿ ಸಾಯ್ತಾ ಇದೀನಲ್ಲ, ಯಾಕ್ ತಾತ ಹೇಳ್ಲಿಲ್ಲ?”

“ನೀನೆಲ್ಲಿ ಸಿಳ್ಳಪ್ಪನ್ನ ಕೇಳ್ದೆ? ಮಗ್ರ ಗಿಗ್ರ ಅಂತಿದ್ದೆ!”

ಮಾವ ಆ ಕಲ್ಲಿನ ಮುಂದೆ ಕೂತುಬಿಟ್ಟರು. ಕಲ್ಲಿನ ಮೇಲೆ ಒಂದಕ್ಷರವಿರಲಿಲ್ಲ. ಅಷ್ಟೂ ಕಚೇರಿಗಳ ಅಷ್ಟೂ ಕಿವಿಗಳು ಸೇರಿ ಏಳು ಹೋಳು ಮಾಡಿದ ಮನುಷ್ಯನನ್ನು ನಮ್ಮೂರಿನ ಹೆಬ್ಬೆಟ್ಟಿನವರು, ಅವನ ಹೆಸರೇ ತಿಳಿಯದೆ, ಮೂರು ತಲೆಮಾರಿನಿಂದ ಇಡಿಯಾಗಿ ಉಳಿಸಿಕೊಂಡು ಬಂದಿದ್ದರು. ಪಾಠ ಹೇಳುವವಳು ನಾನು, ಅವತ್ತು ಏರಿ ಮೇಲೆ ನಿಂತು ಪಾಠ ಕಲಿತೆ.

ಐರ್ಲೆಂಡಿಗೆ ಮಾವ ಹೇಳಿ ಬರೆಸಿದ ಕಾಗದ ಬಹಳ ಚಿಕ್ಕದು. ‘ಅಮ್ಮಾವ್ರಿಗೆ ನಮಸ್ಕಾರ. ನಿಮ್ಮ ಅಜ್ಜ ಸಿಕ್ಕಿದರು. ನಮ್ಮೂರಲ್ಲೇ ಇದ್ದರು. ಹೆಸರು ಉಳಿದಿಲ್ಲ, ಶಿಳ್ಳೆ ಉಳಿದಿದೆ.’

ಅದಕ್ಕೆ ಬಂದ ಉತ್ತರವನ್ನು ಮಾವನಿಗೂ ದೊಡ್ಡತ್ತೆಗೂ ಓದಿ ಹೇಳಿದೆ. ಕಾಗದ ಓದಿದ ಕೂಡಲೇ ಆ ಮುದುಕಿ ಬಾಗಿಲಿಗೆ ಬಂದು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರಂತೆ. ಪಕ್ಕದ ಮನೆಯ ನಾಯಿ ಓಡಿ ಬಂತಂತೆ, ಹಿಂದೆಯೇ ಪಕ್ಕದ ಮನೆಯವರೂ ಓಡಿ ಬಂದರಂತೆ! ಕೊನೆಯಲ್ಲಿ ಒಂದು ಸಾಲು, ‘ನೀವು ನನಗಾಗಿ ಇಷ್ಟು ಅಲೆದಿರಿ. ನಿಮ್ಮವರು ಯಾರಾದರೂ ಕಾಣೆಯಾಗಿದ್ದಾರೆಯೇ?’

ಮಾವ ನೀಲಿ ಫೈಲು ತೆಗೆದರು. ಅಣ್ಣನ ಸರಿಯಾದ ಹೆಸರು ಬರೆಯಬೇಕಲ್ಲ, ಮದುವೆಯಲ್ಲಿ ಏನೆಂದು ಕರೆದಿದ್ದರು ಎಂದು ದೊಡ್ಡತ್ತೆಯನ್ನು ಕೇಳಿದರೆ, “ಅಯ್ಯೋ ಶಿವ್ನೇ, ಅವ್ರ ಹೆಸ್ರು ನಾನು ಹೇಳ್ತೀನಾ?” ಎಂದು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅವಳ ಬಾಯಲ್ಲಿ ಆ ಹೆಸರನ್ನು ಯಾರೂ ಕೇಳಿದವರಿಲ್ಲ. ಕೊನೆಗೆ ಮಾವ ಹನ್ನೊಂದು ಥರ ಬರೆಸಿ ಕಳಿಸಿದರು.

ಟೀಚರಮ್ಮ ಒಂದೂವರೆ ವರ್ಷ ಹುಡುಕಿದರು. ಯಾವ ಯಾವ ಆಫೀಸಿಗೋ ಬರೆದರು, ಹನ್ನೊಂದು ಹೆಸರಿಗೆ ತಾವೂ ಐದು ಸೇರಿಸಿದರು. ಸಿಗಲಿಲ್ಲ. ‘ಸಿಗಲಿಲ್ಲ, ಕ್ಷಮಿಸಿ’ ಎಂದು ಬರೆದು ಕೆಳಗೆ ಇನ್ನೊಂದು ವಿಷಯ ತಿಳಿಸಿದ್ದರು. ಅವರ ಕಡೆ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಕಿಟಕಿಯಲ್ಲಿ ಒಂದು ದೀಪ ಇಡುತ್ತಾರಂತೆ, ಮನೆಬಿಟ್ಟು ದೂರ ಹೋದವರಿಗೆ ದಾರಿ ಕಾಣಲಿ ಎಂದು. ‘ಈ ವರ್ಷ ನನ್ನ ಕಿಟಕಿಯಲ್ಲಿ ನಿಮ್ಮ ಅಣ್ಣನಿಗೂ ಒಂದು ದೀಪ ಇಟ್ಟೆ.’

ದೊಡ್ಡತ್ತೆ ಅದನ್ನೇ ಎರಡು ಸಲ ಓದಿಸಿದಳು.

“ಸತ್ತೋರಿಗೆ ಇಡೋ ದೀಪಾನಾ ಅದು?”

“ಅಲ್ಲ ದೊಡ್ಡತ್ತೆ. ದಾರೀಲಿರೋರಿಗೆ.”

“ಹಂಗಾದ್ರೆ ಸರಿ” ಎಂದು ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡು ಒಲೆಯ ಮುಂದೆ ಹೋಗಿ ಕೂತಳು.

ವರ್ಷ ವರ್ಷವೂ ಆ ದೀಪದ ಕಾಗದ ಬರುತ್ತಿತ್ತು. ಎಪ್ಪತ್ತರ ದಶಕ ಬಂತು. ನನಗೆ ಮದುವೆಯಾಗಿ, ಮಗುವಾಗಿ, ಬೇರೆ ಊರಿಗೆ ವರ್ಗವಾಗಿ, ರಜಕ್ಕೆ ಮಾತ್ರ ಮಾವನ ಮನೆ ಎನ್ನುವ ಹಾಗಾಯಿತು. ಒಂದು ಪಿತೃಪಕ್ಷಕ್ಕೆ ಹೋದಾಗ ಮಾವ ಒಂದು ಕಾಗದ ಹಿಡಿದುಕೊಂಡು ಜಗುಲಿ ಮೇಲೆ ಕೂತಿದ್ದರು. ಐರ್ಲೆಂಡಿನಿಂದ ಬೇರೆ ಯಾರದೋ ಕೈಬರಹ. ಟೀಚರಮ್ಮ ಹೋಗಿಬಿಟ್ಟಿದ್ದರು.

ಎಡೆ ಇಡುವಾಗ ದೊಡ್ಡತ್ತೆ, ಗಂಡನಿಗೆ ಎಂದೂ ಎಲೆ ಹಾಕದವಳು, ತಾತನ ಪಕ್ಕದಲ್ಲಿ ಟೀಚರಮ್ಮನಿಗೆಂದು ಒಂದು ಹೊಸ ಎಲೆ ಹಾಕಿದಳು. ಖಾರ ತಿನ್ನುವುದಿಲ್ಲವಂತೆ ಎಂದು ಬರೀ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಒಂದು ಲೋಟ ಟೀ ಬಡಿಸಿದಳು.

“ಏನಂತ ಕರೀಲಪ್ಪಾ ಇವ್ರನ್ನ?” ಎಂದಳು. ಮಾವ ಕಾಗದದಲ್ಲಿ ಹೆಸರು ಹುಡುಕತೊಡಗಿದರು. ಅಷ್ಟರಲ್ಲಿ ದೊಡ್ಡತ್ತೆಯೇ, “ನಮ್ಮನೆಯೋರು ಬನ್ರಮ್ಮಾ” ಎಂದು ಕೈಮುಗಿದಳು.

ಆ ಡಿಸೆಂಬರ್ ರಜದಲ್ಲಿ ಮತ್ತೆ ಹೋಗಿದ್ದೆ. ಒಂದು ಸಂಜೆ, ಇನ್ನೂ ದನಗಳು ಬರುವ ಹೊತ್ತು, ದೊಡ್ಡತ್ತೆ ದೀಪಕ್ಕೆ ಎಣ್ಣೆ ಹಾಕುತ್ತಾ ಕೇಳಿದಳು.

“ಇವತ್ತಲ್ವೇನಪ್ಪಾ, ಅವ್ರೂರಲ್ಲಿ ಕಿಟಕೀಲಿ ದೀಪ ಇಡೋದು?”

“ಹೌದು ಅತ್ಗೆ.”

“ಇಷ್ಟು ವರ್ಷ ಆಯಮ್ಮ ಹಚ್ಚಿದ್ರು. ಇನ್ ಯಾರು ಹಚ್ತಾರೆ? ನಾವೇ ಹಚ್ಬೇಕು.”

ಬೀದಿಯ ಕಡೆಯ ಕಿಟಕಿಯಲ್ಲಿ ದೀಪ ಇಟ್ಟಳು. ಮಾವ ಏನಾದರೂ ಮಾಡಬೇಕಲ್ಲ, ಎರಡು ಬೆರಳು ಬಾಯಿಗಿಟ್ಟು ಊದಿದರು. ಮಾವನಿಗೂ ಹಲ್ಲು ಹೋಗಿದ್ದವು. ಫುಸ್ಸ್! ನನಗೆ ನಗು ಬಂತು, ದೊಡ್ಡತ್ತೆಯೂ ನಕ್ಕಳು.

“ಇದು ಮೂರು ಹೊಲ ದಾಟುತ್ತೇನಪ್ಪಾ? ಜಗುಲಿ ಇಳಿಯಲ್ಲ” ಎಂದಳು.

ನಗುತ್ತಲೇ ಕಿಟಕಿಯ ಸರಳು ಹಿಡಿದುಕೊಂಡು, ಬೀದಿಯ ಕಡೆ ಮುಖ ಮಾಡಿ, ಗಂಡನ ಹೆಸರು ಹಿಡಿದು ಕೂಗಿದಳು.

ಮದುವೆಯಾದಾಗಿನಿಂದ ಆ ಬಾಯಿಂದ ಬಾರದ ಹೆಸರು. ಅವಳು ಕೂಗಿದ ಥರ ಅದು ಮಾವನ ಪುಸ್ತಕದಲ್ಲಿರಲಿಲ್ಲ, ನೀಲಿ ಫೈಲಿನಲ್ಲಿರಲಿಲ್ಲ, ಸಮುದ್ರದಾಚೆ ಕಳಿಸಿದ ಹನ್ನೊಂದರಲ್ಲೂ ಇರಲಿಲ್ಲ. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ನನ್ನ ಕಿವಿಗೆ ಬಿದ್ದಷ್ಟೇ ಆಗುತ್ತದೆ.

ಮಾವ ಪುಸ್ತಕ ತೆಗೆಯಲಿಲ್ಲ. ಎದ್ದು ಹೋಗಿ, ಅರ್ಧ ಮುಚ್ಚಿದ್ದ ಬೀದಿ ಬಾಗಿಲನ್ನು ಪೂರ್ತಿ ತೆರೆದಿಟ್ಟರು.